ಹ್ಯಾಲೋವೀನ್ ಮೇಳಕ್ಕೆ ಯಾರು ಬರಲಾರರು?

ಅಕ್ಟೋಬರ್ 31ರ ಸಂಜೆ ಅಮೆರಿಕದ ಮಕ್ಕಳು ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿ ಚಾಕಲೇಟ್ ಕೇಳುವುದನ್ನು ನೀವು ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದಕ್ಕೆ ಒಂದು ವಾರ ಮೊದಲು ಎಷ್ಟೋ ಊರುಗಳಲ್ಲಿ, ಶಾಲೆಯ ಜಿಮ್‌ನಲ್ಲೋ ಚರ್ಚಿನ ಪಾರ್ಕಿಂಗ್ ಜಾಗದಲ್ಲೋ ಒಂದು ಮೇಳ ನಡೆಯುತ್ತದೆ. ಸಿನಿಮಾದವರ ಕಣ್ಣಿಗೆ ಅದು ಅಷ್ಟಾಗಿ ಬಿದ್ದಿಲ್ಲ. ನ್ಯೂಜೆರ್ಸಿಯ ಮಿಡಲ್‌ಸೆಕ್ಸ್ ಕೌಂಟಿಯ ನಮ್ಮ ಊರಿನಲ್ಲಿ ಶಾಲೆಯ ಪೋಷಕರ ಸಂಘ, ಹತ್ತಿರದ ಒಂದು ಚರ್ಚು ಮತ್ತು ಸುತ್ತಲಿನ ಬೀದಿಯವರು ಸೇರಿ ಇದನ್ನು ನಡೆಸುತ್ತೇವೆ. ದಾವಣಗೆರೆ ಕಡೆಯಿಂದ ಬಂದ ನನಗೆ ಈ ಕೆಲಸ ಒಗ್ಗಿಹೋಗಿದೆ. ನಮ್ಮಪ್ಪ ಊರಿನ ಜಾತ್ರೆ ಸಮಿತಿಯಲ್ಲಿದ್ದವರು. ತೇರು ಎಲ್ಲಿ ತಿರುಗಬೇಕು, ಅಂಗಡಿಸಾಲು ಎಲ್ಲಿಂದ ಎಲ್ಲಿಗೆ, ಕುಡಿಯುವ ನೀರು ಎಲ್ಲಿ ಎಂಬ ಚರ್ಚೆ ಕೇಳುತ್ತಲೇ ಬೆಳೆದವಳು ನಾನು. ಹಾಗಾಗಿ ಇಲ್ಲಿನ ಮೇಳ ನನಗೆ ಒಂದು ಪುಟ್ಟ ಜಾತ್ರೆಯ ಹಾಗೆಯೇ ಕಂಡಿತು.

ಮೊದಲ ಸಭೆ ಜೂನ್‌ನಲ್ಲಿ, ಶಾಲೆಗೆ ಬೇಸಿಗೆ ರಜೆ ಕೊಡುವ ಮುಂಚೆ. ಆ ಸಭೆಯಲ್ಲಿ ಆಟ, ತಿಂಡಿ, ಅಲಂಕಾರದ ಮಾತು ಎತ್ತಲು ನಾನು ಬಿಡುವುದಿಲ್ಲ. ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆಯುತ್ತೇನೆ: ಈ ಮೇಳಕ್ಕೆ ಯಾರು ಬರಲಾರರು?

ಉತ್ತರಗಳು ಒಂದೊಂದಾಗಿ ಬರುತ್ತವೆ. ಶೇಂಗಾ ಬಾಯಿಗೆ ಹೋದರೆ ಉಸಿರು ಕಟ್ಟುವ ಎರಡನೇ ತರಗತಿಯ ಹುಡುಗಿ. ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗ. ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವ, ಮಾತು ಬಾರದ ಮಗು. ಟರ್ನ್‌ಪೈಕ್ ಹೆದ್ದಾರಿ ಪಕ್ಕದ ಗೋದಾಮುಗಳಲ್ಲಿ ಸಂಜೆ ಪಾಳಿಗೆ ಹೋಗುವ ತಂದೆತಾಯಿ. ವೇಷ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು. ಕಾರಿಲ್ಲದವರು. ತಮ್ಮ ಧರ್ಮಕ್ಕೆ ಹ್ಯಾಲೋವೀನ್ ಒಗ್ಗುವುದಿಲ್ಲ ಎನ್ನುವವರು. ಹಲಗೆ ತುಂಬಿದ ಮೇಲೆ ನಮ್ಮ ಯೋಜನೆಯ ಮುಕ್ಕಾಲು ಪಾಲು ಮುಗಿದಂತೆಯೇ. ಒಬ್ಬೊಬ್ಬರನ್ನೂ ಒಳಗೆ ಕರೆತರಲು ಏನು ಮಾಡಬೇಕೋ ಅದೇ ಮೇಳದ ನಕ್ಷೆಯಾಗುತ್ತದೆ.

ಈ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನರ ಸುಗ್ಗಿ ಮುಗಿದ ಹೊತ್ತಿನ ಆಚರಣೆಯಲ್ಲಿದೆ. ಕ್ರೈಸ್ತರ ಸಕಲ ಸಂತರ ದಿನ ನವೆಂಬರ್ 1. ಅದರ ಮುನ್ನಾದಿನದ ಸಂಜೆ ಇದು. 19ನೇ ಶತಮಾನದಲ್ಲಿ ವಲಸೆ ಬಂದವರು ಇದನ್ನು ಅಮೆರಿಕಕ್ಕೆ ತಂದರು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಇಲ್ಲಿ ದಪ್ಪ ಕುಂಬಳಕಾಯಿ ಸಿಕ್ಕಿತು. ಹಬ್ಬದ ಜೊತೆ ಪುಂಡಾಟವೂ ಬಂತು. ಬೇಲಿ ಕಿತ್ತು ಹಾಕುವುದು, ಕಿಟಕಿಗೆ ಸೋಪು ಬಳಿಯುವುದು, ಹಿತ್ತಲ ಪಾಯಿಖಾನೆ ಉರುಳಿಸುವುದು. ನಮ್ಮ ನ್ಯೂಜೆರ್ಸಿಯಲ್ಲಿ ಅಕ್ಟೋಬರ್ 30ರ ರಾತ್ರಿಯನ್ನು ಇಂದಿಗೂ ‘ಮಿಸ್ಚೀಫ್ ನೈಟ್’ ಎನ್ನುತ್ತಾರೆ. ಆ ರಾತ್ರಿ ಮರಗಳ ಮೇಲೆಲ್ಲ ಟಾಯ್ಲೆಟ್ ಪೇಪರ್ ಹರಿದಾಡುತ್ತದೆ.

ಊರಮೇಳ ಹುಟ್ಟಿದ್ದೇ ಈ ಪುಂಡಾಟಕ್ಕೆ ಉತ್ತರವಾಗಿ. ಕಾನ್ಸಾಸ್ ರಾಜ್ಯದ ಹಯವಾಥಾ ಎಂಬ ಊರಿನಲ್ಲಿ ಎಲಿಜಬೆತ್ ಕ್ರೆಬ್ಸ್ ಎಂಬ ಮಹಿಳೆ ಇದ್ದರು. ವರ್ಷವರ್ಷವೂ ಹುಡುಗರು ಅವರ ಹೂದೋಟ ತುಳಿದು ಹಾಳು ಮಾಡುತ್ತಿದ್ದರು. ಆಕೆ ಪೊಲೀಸರನ್ನು ನೆಚ್ಚಿ ಕೂರಲಿಲ್ಲ. ಹುಡುಗರು ಆ ರಾತ್ರಿ ಸುಸ್ತಾಗುವಷ್ಟು ಕುಣಿದಾಡಲಿ ಎಂದು 1914ರಲ್ಲಿ ಇಡೀ ಊರಿಗೆ ಮೆರವಣಿಗೆ, ಸಂತೋಷಕೂಟ ಏರ್ಪಡಿಸಿದರು. ಮಿನೆಸೋಟಾದ ಅನೋಕಾ ಊರಿನವರೂ 1920ರಲ್ಲಿ ಇದೇ ದಾರಿ ಹಿಡಿದರು. ಅಲ್ಲಿ ಹುಡುಗರು ಹಸುಗಳನ್ನು ಬಿಚ್ಚಿ ಪೇಟೆಬೀದಿಗೆ ಅಟ್ಟುತ್ತಿದ್ದರಂತೆ. ಊರ ಹಿರಿಯರು ಮೆರವಣಿಗೆ ಮಾಡಿಸಿ, ಪಾಪ್‌ಕಾರ್ನ್ ಹಂಚಿ, ದೊಡ್ಡ ಬೆಂಕಿ ಹಾಕಿ ಸುತ್ತ ಸೇರಿಸಿದರು. ಅನೋಕಾ ಇಂದಿಗೂ ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಕ್ರೆಬ್ಸ್ ಅವರ ನೆನಪಾದಾಗೆಲ್ಲ ನನಗೆ ಗೌರವ ಮೂಡುತ್ತದೆ. ತೋಟ ಹಾಳು ಮಾಡಿದವರಿಗೇ ಕರೆಯೋಲೆ ಕೊಟ್ಟ ಹೆಂಗಸು ಆಕೆ.

ಇಂದು ಇಲ್ಲಿನ ತಂದೆತಾಯಿಗಳ ಮನಸ್ಸಿನಲ್ಲಿ ಇರುವುದು ಪುಂಡಾಟದ ಭಯವಲ್ಲ, ಬೇರೆಯೇ. ಅಪರಿಚಿತರು ಕೊಟ್ಟ ಚಾಕಲೇಟಿನಲ್ಲಿ ವಿಷ ಇದ್ದರೆ? 1974ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ಹುಡುಗ ಹ್ಯಾಲೋವೀನ್ ರಾತ್ರಿ ಸಯನೈಡ್ ಬೆರೆತ ಮಿಠಾಯಿ ತಿಂದು ತೀರಿಕೊಂಡ. ಕೊಟ್ಟವನು ವಿಮೆ ಹಣದ ಆಸೆಗೆ ಬಿದ್ದ ಅವನ ಸ್ವಂತ ತಂದೆ. 1982ರಲ್ಲಿ ಷಿಕಾಗೋ ಸುತ್ತಮುತ್ತ ಟೈಲೆನಾಲ್ ಮಾತ್ರೆಗಳಿಗೆ ಯಾರೋ ಸಯನೈಡ್ ಸೇರಿಸಿ ಏಳು ಜನ ಸತ್ತ ಮೇಲೆ ಆ ಭಯ ಇಮ್ಮಡಿಯಾಯಿತು. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ದಶಕಗಳ ಪತ್ರಿಕಾ ವರದಿಗಳನ್ನು ಜಾಲಾಡಿದ್ದಾರೆ. ಮನೆಮನೆ ತಿರುಗುವ ಮಕ್ಕಳಿಗೆ ಅಪರಿಚಿತರು ವಿಷದ ತಿಂಡಿ ಕೊಟ್ಟು ಕೊಂದ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ಆ ಸಂಜೆ ಮಕ್ಕಳ ಜೀವಕ್ಕೆ ನಿಜವಾದ ಕುತ್ತು ಕಾರುಗಳದ್ದು. ಕಪ್ಪು ಬಟ್ಟೆ ತೊಟ್ಟು, ಮುಖವಾಡದಲ್ಲಿ ಅರ್ಧ ಕಣ್ಣು ಮುಚ್ಚಿದ ಮಗು ನಿಂತ ಕಾರುಗಳ ನಡುವಿನಿಂದ ಥಟ್ಟನೆ ರಸ್ತೆಗೆ ಬರುತ್ತದೆ. ಗಡಿಯಾರ ಹಿಂದಿಡುವ ದಿನವನ್ನು 2007ರಿಂದ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾನುವಾರಕ್ಕೆ ಮುಂದೂಡಿದ್ದರಿಂದ ಹ್ಯಾಲೋವೀನ್ ಸಂಜೆಗೆ ಒಂದು ಗಂಟೆ ಹೆಚ್ಚು ಬೆಳಕು ದಕ್ಕಿದೆ. ಆದರೂ ನಮ್ಮಲ್ಲಿ ಆರು ಗಂಟೆಯ ಹೊತ್ತಿಗೆ ಹೊತ್ತು ಮುಳುಗುತ್ತದೆ. ಅದಕ್ಕೇ ನಮ್ಮ ಮೇಳ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗಿ ಆರಕ್ಕೆ ಮುಗಿಯುತ್ತದೆ.

ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ನಡೆಯುವ ಭಾಗಕ್ಕೆ ‘ಟ್ರಂಕ್ ಆರ್ ಟ್ರೀಟ್’ ಎಂದು ಹೆಸರು. ಕಾರುಗಳನ್ನು ಹಿಮ್ಮುಖವಾಗಿ ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅದನ್ನೇ ಅಂಗಡಿಯ ಹಾಗೆ ಸಿಂಗರಿಸುತ್ತಾರೆ. ಮಕ್ಕಳು ಡಿಕ್ಕಿಯಿಂದ ಡಿಕ್ಕಿಗೆ ಹೋಗಿ ಮಿಠಾಯಿ ತೆಗೆದುಕೊಳ್ಳುತ್ತಾರೆ. ಬೀದಿ ದಾಟುವ ಗೋಜಿಲ್ಲ, ಕತ್ತಲಿಲ್ಲ, ಮನೆಗಳು ದೂರ ದೂರ ಇರುವ ಬಡಾವಣೆಯವರಿಗೂ ಅಪಾರ್ಟ್‌ಮೆಂಟಿನವರಿಗೂ ಅನುಕೂಲ. ನಿಯಮ ಮಾತ್ರ ಕಟ್ಟುನಿಟ್ಟು: ಎರಡೂವರೆಗೆ ಕಾರುಗಳೆಲ್ಲ ಬಂದು ನಿಲ್ಲಬೇಕು, ಕೊನೆಯ ಮಗು ಆಚೆ ಹೋಗುವವರೆಗೆ ಒಂದೂ ಅಲುಗಾಡಬಾರದು. ಯಾರಿಗೇ ಅವಸರ ಇರಲಿ, ವಿನಾಯಿತಿ ಇಲ್ಲ. ಒಂದು ಕಾರು ಬಿಟ್ಟು ಒಂದು ಜಾಗ ಖಾಲಿ ಇಡುತ್ತೇವೆ, ಸರತಿ ಒಂದರ ಮೇಲೊಂದು ಏರದಿರಲಿ ಎಂದು.

ನಮ್ಮ ಕಾರಿನ ಡಿಕ್ಕಿಯಲ್ಲಿ ದಸರಾ ಗೊಂಬೆ ಕೂರುತ್ತದೆ. ಹಬ್ಬ ಆಗಷ್ಟೇ ಮುಗಿದಿರುತ್ತದೆ, ಗೊಂಬೆಗಳು ಇನ್ನೂ ಪೆಟ್ಟಿಗೆ ಸೇರಿರುವುದಿಲ್ಲ. ರಟ್ಟಿನ ಡಬ್ಬಗಳನ್ನು ಮೂರು ಮೆಟ್ಟಿಲಾಗಿ ಜೋಡಿಸಿ, ಮೇಲೆ ಅಮ್ಮನ ಹಳೆಯ ಕೆಂಪಂಚಿನ ಸೀರೆ ಹಾಸಿ, ಪಟ್ಟದ ರಾಜ–ರಾಣಿಯನ್ನು ನಡುವೆ ಇಟ್ಟು, ಕೆಳಗೆ ಚನ್ನಪಟ್ಟಣದ ಎತ್ತಿನಗಾಡಿ, ಬುಗುರಿ, ತಲೆಯಾಡಿಸುವ ಗೊಂಬೆ. ಇಲ್ಲಿನ ಮಕ್ಕಳು ಬುಗುರಿ ಕಂಡರೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಒಂದು ಸಲ ಅತ್ತೆ ಊರಿಂದ ಬಂದಿದ್ದರು. ‘ದೆವ್ವದ ಹಬ್ಬಕ್ಕೆ ಗೊಂಬೆ ಕೂರಿಸ್ತಾರೇನಮ್ಮ?’ ಎಂದು ಮೊದಮೊದಲು ಮುಖ ಸಿಂಡರಿಸಿದರು. ಜೇನುಹುಳುವಿನ ವೇಷದ ಮೂರು ವರ್ಷದ ಮಗುವೊಂದು ಬಂದು ಎರಡೂ ಕೈ ಚಾಚಿ ನಿಂತಿದ್ದೇ ತಡ, ಕುರ್ಚಿ ಎಳೆದುಕೊಂಡು ಡಿಕ್ಕಿಯ ಪಕ್ಕ ಕೂತರು. ಆಮೇಲೆ ಬುಟ್ಟಿ ಯಾರ ಕೈಗೂ ಕೊಡಲಿಲ್ಲ. ಇಂಗ್ಲಿಷ್ ಬಾರದ ಅತ್ತೆಗೂ ಕನ್ನಡ ಬಾರದ ಆ ಮಕ್ಕಳಿಗೂ ಮಾತಿನ ಅಡಚಣೆಯೇ ಆಗಲಿಲ್ಲ. ಅಂದಿನಿಂದ ಬೇರೆ ಬೇರೆ ಮನೆಗಳ ಅಜ್ಜ ಅಜ್ಜಿಯರನ್ನು ಹುಡುಕಿ ಹುಡುಕಿ ಕರೆಯುತ್ತೇವೆ. ಗುಜರಾತಿ, ಚೀನಿ, ಸ್ಪ್ಯಾನಿಷ್ ಮಾತಾಡುವ ಅಜ್ಜಿಯರು ಮಿಠಾಯಿ ಹಂಚುವ ಕೆಲಸದಲ್ಲಿ ಎತ್ತಿದ ಕೈ.

ದಿನಾಂಕ ಗೊತ್ತು ಮಾಡುವುದು ಅಂದುಕೊಂಡಷ್ಟು ಸುಲಭವಲ್ಲ. 2024ರಲ್ಲಿ ಅಕ್ಟೋಬರ್ 31ರಂದೇ ನರಕ ಚತುರ್ದಶಿ ಬಂತು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಬ್ಯಾಟ್‌ಮ್ಯಾನ್ ವೇಷ. ಮರುದಿನ ರಾಜ್ಯೋತ್ಸವ, ಕನ್ನಡ ಕೂಟದ ತಾಲೀಮು ಬೇರೆ. ಯಹೂದಿಗಳ ಶರತ್ಕಾಲದ ಹಬ್ಬಗಳು, ಶುಕ್ರವಾರ ರಾತ್ರಿಯ ಹೈಸ್ಕೂಲ್ ಫುಟ್‌ಬಾಲ್, ಎಲ್ಲವನ್ನೂ ಹಾಳೆಯ ಮೇಲೆ ಗುರುತು ಹಾಕಿ ಉಳಿದ ಶನಿವಾರ ಹಿಡಿಯಬೇಕು.

ಹೆಸರಿನ ವಿಷಯ ಇನ್ನೂ ನಾಜೂಕಿನದು. ಯೆಹೋವನ ಸಾಕ್ಷಿಗಳು ಹ್ಯಾಲೋವೀನ್ ಆಚರಿಸುವುದಿಲ್ಲ. ಎಷ್ಟೋ ಇವ್ಯಾಂಜೆಲಿಕಲ್ ಕ್ರೈಸ್ತರು, ಮುಸ್ಲಿಂ ಕುಟುಂಬದವರೂ ದೂರ ಇರುತ್ತಾರೆ. 2023ರಲ್ಲಿ ನಮ್ಮದೇ ರಾಜ್ಯದ ಸೌತ್ ಆರೆಂಜ್–ಮೇಪಲ್‌ವುಡ್ ಶಾಲಾ ಆಡಳಿತ ತನ್ನ ಶಾಲೆಗಳಲ್ಲಿ ಹ್ಯಾಲೋವೀನ್ ಆಚರಣೆ ಬೇಡ ಎಂದಾಗ ಆಗಿನ ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ರಾಜ್ಯವಿಡೀ ಅದೇ ಚರ್ಚೆ. ನನ್ನ ಅಭಿಪ್ರಾಯ ಇದು: ಪಾಠದ ಹೊತ್ತಿನಲ್ಲಿ ನಡೆದರೆ ಒಲ್ಲದ ಮಗುವನ್ನು ಲೈಬ್ರರಿಯಲ್ಲಿ ಕೂರಿಸಬೇಕಾಗುತ್ತದೆ, ಅದು ಆ ಮಗುವಿಗೆ ನೋವು. ರಜೆಯ ದಿನ ಇಷ್ಟವಿದ್ದವರು ಬಂದು ಸೇರುವ ಮೇಳದಲ್ಲಿ ಆ ಮುಜುಗರ ಇಲ್ಲ. ನಾವು ‘ಫಾಲ್ ಫೆಸ್ಟಿವಲ್’ ಎಂದೇ ಕರೆಯುತ್ತೇವೆ. ವೇಷ ಹಾಕಬಹುದು, ಹಾಕದೆಯೂ ಬರಬಹುದು. ಚರ್ಚಿನ ಪಾಸ್ಟರ್ ಜೊತೆ ಕೂತು ಮಾತಾಡಿ ಆದ ಒಪ್ಪಂದ ಹೀಗಿದೆ: ಅವರ ಅಂಗಳದಲ್ಲಿ ತಲೆಬುರುಡೆ, ರಕ್ತ, ದೆವ್ವದ ಚಿತ್ರ ಬೇಡ, ಮೇಳದಲ್ಲಿ ಧರ್ಮಪ್ರಚಾರದ ಕರಪತ್ರವೂ ಬೇಡ. ಎರಡೂ ಕಡೆಯವರು ಮಾತು ಉಳಿಸಿಕೊಂಡಿದ್ದಾರೆ. ಜಾಗ ಕೊಟ್ಟ ಚರ್ಚಿನ ಹೆಸರನ್ನೂ ಸೇರಿಸಿದ ವಿಮೆಯ ಪ್ರಮಾಣಪತ್ರವನ್ನು ಸೆಪ್ಟೆಂಬರ್‌ನಲ್ಲೇ ಅವರ ಕೈಗೆ ಕೊಡುತ್ತೇವೆ, ಸ್ನೇಹ ಎಷ್ಟೇ ಇದ್ದರೂ.

ಇನ್ನು ಹಲಗೆಯ ಮೇಲಿನ ಆ ಗಾಲಿಕುರ್ಚಿ ಹುಡುಗ. ಇಲ್ಲಿ ಗಾಲಿಕುರ್ಚಿಯನ್ನೇ ವೇಷವಾಗಿ ಮಾಡುವ ಚೆಂದದ ರೂಢಿಯಿದೆ. ಅವನ ತಂದೆ ರಟ್ಟು, ಪ್ಲಾಸ್ಟಿಕ್ ಪೈಪು ಕಟ್ಟಿ ಕುರ್ಚಿಯನ್ನು ಅಗ್ನಿಶಾಮಕದ ಲಾರಿ ಮಾಡಿದ್ದರು, ಏಣಿ, ಕೆಂಪು ದೀಪ, ಗಂಟೆ ಸಮೇತ. ಸಾಮಾನ್ಯ ಗಾಲಿಕುರ್ಚಿಗೆ 32 ಇಂಚಿನ ಬಾಗಿಲು ಸಾಕೆಂದು ಇಲ್ಲಿನ ಕಾನೂನಿನ ಅಳತೆ. ಲಾರಿ ಅದರಲ್ಲಿ ಹಿಡಿಸುತ್ತದೆಯೇ? ಈಗ ನಾವು ಆಗಸ್ಟ್‌ನಲ್ಲೇ ಅಳತೆಪಟ್ಟಿ ಹಿಡಿದು ಇಡೀ ದಾರಿ ನಡೆದು ನೋಡುತ್ತೇವೆ. ಜಿಮ್‌ನ ಜೋಡಿ ಬಾಗಿಲಿನ ಎರಡೂ ರೆಕ್ಕೆ ತೆರೆದಿಡುತ್ತೇವೆ. ಜಲ್ಲಿ ಹಾಸಿದ ಕಡೆ ಒಂದು ಆಟವೂ ಇಲ್ಲ. ಉಂಗುರ ಎಸೆಯುವ ಮೇಜು ಕೂತವರ ಎದೆಮಟ್ಟಕ್ಕೆ ಇರುತ್ತದೆ, ನಿಂತ ಮಕ್ಕಳೂ ಅಲ್ಲೇ ಆಡುತ್ತಾರೆ. ಆ ಲಾರಿಯ ಹಿಂದೆ ಅಂದು ಮಕ್ಕಳ ಸಾಲೇ ಹೊರಟಿತ್ತು, ಗಂಟೆ ಬಾರಿಸುವ ಸರದಿಗಾಗಿ.

ಮೊದಲ ಮುಕ್ಕಾಲು ಗಂಟೆ ಹಾಡಿಲ್ಲ, ಮಿಣುಕು ದೀಪ ಇಲ್ಲ, ಮೈಕಿಲ್ಲ. ಸದ್ದು ಗದ್ದಲ ಆಗದ ಮಕ್ಕಳು ಆಗ ಬರುತ್ತಾರೆ. ಮಾತಾಡದ ಮಗುವನ್ನು ‘ಏನು ಹೇಳಬೇಕು ಪುಟ್ಟಾ?’ ಎಂದು ಒತ್ತಾಯ ಮಾಡಕೂಡದೆಂದು ಡಿಕ್ಕಿಯವರಿಗೆಲ್ಲ ಮೊದಲೇ ತಿಳಿಹೇಳುತ್ತೇವೆ. ಕೈ ಚಾಚಿದರೆ ಸಾಕು, ಚಾಚದಿದ್ದರೂ ಸರಿ.

ತಿಂಡಿಯ ವಿಷಯಕ್ಕೆ ಬಂದರೆ, ನಮ್ಮವರಿಗೆ ಇದು ಸಂಕಟದ ಮಾತು. ಅಮೆರಿಕದ ಕಾನೂನು ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳನ್ನು ಹೆಸರಿಸಿದೆ: ಹಾಲು, ಮೊಟ್ಟೆ, ಮೀನು, ಸಿಗಡಿ–ಏಡಿ, ಬಾದಾಮಿ–ಗೋಡಂಬಿಯಂಥ ಬೀಜಗಳು, ಶೇಂಗಾ, ಗೋಧಿ, ಸೋಯಾ. ಒಂಬತ್ತನೆಯದಾಗಿ 2023ರಿಂದ ಎಳ್ಳು ಸೇರಿದೆ. ಅಂದರೆ ನಮ್ಮ ಶೇಂಗಾ ಚಿಕ್ಕಿ, ಎಳ್ಳುಂಡೆ ಎರಡೂ ಹೋದವು. ಗೆಳತಿಯೊಬ್ಬಳು ಪ್ರೀತಿಯಿಂದ ಶೇಂಗಾ ಉಂಡೆ ಕಟ್ಟಿ ತಂದಾಗ ಬೇಡ ಎನ್ನಲು ನನ್ನ ನಾಲಿಗೆ ಏಳಲಿಲ್ಲ, ಆದರೂ ಹೇಳಲೇಬೇಕಾಯಿತು. ಮಕ್ಕಳಿಗೆ ಕೊಡುವುದೆಲ್ಲ ಅಂಗಡಿಯ ಪೊಟ್ಟಣದಲ್ಲೇ ಇರಬೇಕು, ಏನೇನು ಹಾಕಿದ್ದಾರೆಂದು ಮೇಲೆ ಅಚ್ಚಾಗಿರಬೇಕು. ಇದರ ಜೊತೆಗೆ ಪ್ರತಿ ಡಿಕ್ಕಿಯಲ್ಲೂ ತಿನ್ನದ ವಸ್ತುಗಳ ಇನ್ನೊಂದು ಬುಟ್ಟಿ: ಪೆನ್ಸಿಲ್, ಅಂಟುಚಿತ್ರ, ಕತ್ತಲಲ್ಲಿ ಹೊಳೆಯುವ ಬಳೆ. ಆ ಬುಟ್ಟಿ ಇದೆ ಎಂಬ ಗುರುತಿಗೆ ನೀಲಿ–ಹಸಿರು ಬೆರೆತ ನವಿಲು ಬಣ್ಣದ ಕುಂಬಳಕಾಯಿ ಇಡುತ್ತೇವೆ. ಟೆನೆಸಿಯ ಅಲರ್ಜಿ ಪೋಷಕರ ಗುಂಪೊಂದು ಶುರು ಮಾಡಿದ ಈ ರೂಢಿಯನ್ನು ಫೇರ್ ಎಂಬ ಸಂಸ್ಥೆ 2014ರಲ್ಲಿ ದೇಶವಿಡೀ ಹಬ್ಬಿಸಿತು. ಎರಡನೇ ತರಗತಿಯ ಆ ಹುಡುಗಿ ಈಗ ದೂರದಿಂದಲೇ ಬಣ್ಣ ನೋಡಿ ತಾನೇ ಓಡುತ್ತಾಳೆ, ಅಮ್ಮನ ಕಡೆ ತಿರುಗಿ ನೋಡುವುದೂ ಇಲ್ಲ.

ದೆವ್ವದ ಮನೆ ಕಟ್ಟೋಣ ಎಂಬ ಒತ್ತಾಯ ಪ್ರತಿ ವರ್ಷ ಬರುತ್ತದೆ, ಅದರಲ್ಲೂ ಐದನೇ ತರಗತಿಯವರಿಂದ. ನಾನು ಒಪ್ಪುವುದಿಲ್ಲ. ನಮ್ಮೂರಿಗೆ ದೂರವೇನಲ್ಲದ ಜಾಕ್ಸನ್ ಟೌನ್‌ಶಿಪ್‌ನ ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನದಲ್ಲಿ 1984ರ ಮೇ 11ರಂದು ‘ಹಾಂಟೆಡ್ ಕ್ಯಾಸಲ್’ ಎಂಬ ದೆವ್ವದ ಕೋಟೆಗೆ ಬೆಂಕಿ ಬಿತ್ತು. ಒಳಗೆ ಕತ್ತಲು, ಅಂಕುಡೊಂಕು ದಾರಿ, ಗೋಡೆಗೆ ಫೋಮ್, ಮೇಲಿಂದ ನೀರು ಚಿಮ್ಮಿಸುವ ವ್ಯವಸ್ಥೆ ಇಲ್ಲ. ಹದಿಹರೆಯದ ಎಂಟು ಮಕ್ಕಳು ಹೊರಗೆ ಬರಲಿಲ್ಲ. ದೇಶದ ಅಗ್ನಿಸುರಕ್ಷೆಯ ನಿಯಮಗಳು ಆ ಬಳಿಕ ಬಿಗಿಯಾದವು. ಕಪ್ಪು ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಶಾಲೆಯ ಕಾರಿಡಾರನ್ನು ಗವಿ ಮಾಡುವುದು ನೋಡಲು ಸಣ್ಣ ಕೆಲಸ. ಆದರೆ ಆ ಹಾಳೆ ಬೇಗ ಹತ್ತಿಕೊಳ್ಳುತ್ತದೆ, ಬಾಗಿಲು ಕಾಣದಂತೆ ಮರೆಮಾಡುತ್ತದೆ. ನಾವು ಒಂದು ತರಗತಿ ಕೋಣೆಯಲ್ಲಿ ದೀಪ ಮಂದ ಮಾಡಿ, ಎರಡೂ ಬಾಗಿಲು ತೆರೆದಿಟ್ಟು, ಭಯದ ಕಥೆ ಹೇಳಿಸುತ್ತೇವೆ. ಒಳಗೆ ಹುಲ್ಲಿನ ಪಿಂಡಿ ಇಲ್ಲ, ಮೇಣದಬತ್ತಿ ಇಲ್ಲ. ಕುಂಬಳಕಾಯಿಯೊಳಗೆ ಬ್ಯಾಟರಿ ದೀಪ. ಕಥೆ ಹೇಳುವ ನಿವೃತ್ತ ಶಿಕ್ಷಕಿ ದನಿ ಇಳಿಸಿದರೆ ಸಾಕು, ಐದನೇ ತರಗತಿಯವರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ.

ದುಡ್ಡಿನ ಮಾತು ಬಂದಾಗ ನನ್ನದು ಹಟವೇ ಸರಿ. ಬಹಳ ಕಡೆ ಆಟಕ್ಕೊಂದು ಟಿಕೆಟ್ ಹರಿಯುತ್ತಾರೆ. ಟಿಕೆಟ್ ಮುಗಿದ ಮಗು ತಂಗಿಯ ಕೈ ಹಿಡಿದು ಪಕ್ಕದಲ್ಲಿ ನಿಂತು ಬೇರೆಯವರ ಆಟ ನೋಡುವ ದೃಶ್ಯ ನನ್ನಿಂದ ಸಹಿಸಲಾಗದು. ನಮ್ಮಲ್ಲಿ ಪ್ರವೇಶ ಉಚಿತ. ಬಾಗಿಲಲ್ಲಿ ಪ್ರತಿ ಮಗುವಿಗೂ ಹತ್ತು ಮನೆಗಳ ಒಂದು ಕಾರ್ಡು, ಆಟಕ್ಕೊಂದು ತೂತು, ಕೊನೆಗೆ ಎಲ್ಲರಿಗೂ ಒಂದೇ ಬಗೆಯ ಉಡುಗೊರೆ. ಸೆಪ್ಟೆಂಬರ್‌ನಲ್ಲೇ ಶಾಲೆಯಲ್ಲಿ, ಮಕ್ಕಳಿಗೆ ಚಿಕ್ಕದಾದ ವೇಷಗಳನ್ನು ತೂಗುಹಾಕಲು ಗೂಟ ಇಡುತ್ತೇವೆ. ಬೇಡದ್ದನ್ನು ತಂದು ತೂಗುಹಾಕಿ, ಬೇಕಾದ್ದನ್ನು ಒಯ್ಯಿರಿ. ಯಾರು ತಂದರು, ಯಾರು ಒಯ್ದರು ಎಂದು ಬರೆದಿಡುವುದಿಲ್ಲ. ಖರ್ಚಿಗೆ ಹಣ ಬರುವುದು ದೊಡ್ಡವರಿಂದ. ನ್ಯೂಜೆರ್ಸಿಯಲ್ಲಿ ‘ಟ್ರಿಕಿ ಟ್ರೇ’ ಎಂಬುದು ಮನೆಮಾತು: ಊರಿನ ಅಂಗಡಿಗಳು ಕೊಟ್ಟ ಉಡುಗೊರೆ ಬುಟ್ಟಿಗಳ ಮುಂದೆ ಡಬ್ಬಿ ಇಡುತ್ತಾರೆ, ಇಷ್ಟವಾದ ಬುಟ್ಟಿಗೆ ಚೀಟಿ ಹಾಕಿ ಅದೃಷ್ಟ ನೋಡುವುದು. ಇದು ಕಾನೂನಿನ ಕಣ್ಣಲ್ಲಿ ಲಾಟರಿ. ಪುರಸಭೆಯ ಗುಮಾಸ್ತರ ಮೂಲಕ ಅರ್ಜಿ ಹಾಕಿ ಲೈಸೆನ್ಸ್ ಪಡೆಯದೆ ಒಂದು ಚೀಟಿಯನ್ನೂ ಮಾರುವಂತಿಲ್ಲ. ಅರ್ಜಿ ತಡವಾದರೆ ಮೇಳದ ಕೈ ಖಾಲಿ. ಬಾಗಿಲ ಬಳಿ ಯುನಿಸೆಫ್‌ನ ಕಿತ್ತಳೆ ಬಣ್ಣದ ಡಬ್ಬಿಯೂ ಇರುತ್ತದೆ. 1950ರಲ್ಲಿ ಫಿಲಡೆಲ್ಫಿಯಾದ ಒಂದು ಕುಟುಂಬದ ಮಕ್ಕಳು ಹ್ಯಾಲೋವೀನ್‌ನಲ್ಲಿ 17 ಡಾಲರ್ ಕೂಡಿಸಿ ಕಳಿಸಿದ್ದರಿಂದ ಶುರುವಾದ ಪದ್ಧತಿ ಅದು.

ಆಟಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕುಂಬಳಕಾಯಿ ಉರುಳಿಸಿ ಬಾಟಲಿ ಬೀಳಿಸುವುದು, ಪರದೆಯಾಚೆ ಗಾಳ ಹಾಕಿ ‘ಮೀನು’ ಹಿಡಿಯುವುದು, ಗೆಳೆಯನಿಗೆ ಟಾಯ್ಲೆಟ್ ಪೇಪರ್ ಸುತ್ತಿ ಮಮ್ಮಿ ಮಾಡುವುದು. ಕಾಗದದ ಸುರುಳಿ ಸಿಕ್ಕರೆ ಸಾಕು, ಮಕ್ಕಳಿಗೆ ಬೇರೆ ಏನೂ ಬೇಡ. ನೀರಿನ ಬಾನಿಯಲ್ಲಿ ಬಾಯಿಂದ ಸೇಬು ಕಚ್ಚುವ ಹಳೆಯ ಆಟವನ್ನು ಎಂಜಲೆಂಬ ಕಾರಣಕ್ಕೆ ಬಿಟ್ಟಿದ್ದೇವೆ. ಈಗ ದಾರಕ್ಕೆ ಕಟ್ಟಿದ ಡೋನಟ್ಟನ್ನು ಕೈ ಹಿಂದೆ ಕಟ್ಟಿಕೊಂಡು ತಿನ್ನುತ್ತಾರೆ, ಪೊಟ್ಟಣ ಓದಿ ನೋಡಿದ ಮೇಲೆ. ಗಾಳಿ ತುಂಬಿ ಮಕ್ಕಳು ಜಿಗಿಯುವ ಮನೆಯನ್ನು ನಾನು ತರಿಸುವುದಿಲ್ಲ. ಡಾಂಬರಿನ ಮೇಲೆ ಗೂಟ ಹೊಡೆಯಲಾಗದು, ಅಕ್ಟೋಬರ್ ಗಾಳಿಯನ್ನು ನಂಬಲಾಗದು.

ಕೆಲಸಕ್ಕೆ ಜನ ಬೇಕೆಂದು ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಯಾರೂ ಬರುವುದಿಲ್ಲ. ‘ನೀವು ನಾಲ್ಕರಿಂದ ಐದರವರೆಗೆ ಗಾಳದ ಆಟ ನೋಡಿಕೊಳ್ಳುತ್ತೀರಾ?’ ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಒಂದು ಗಂಟೆಗಿಂತ ಹೆಚ್ಚು ಕೇಳಬಾರದು, ಅವರ ಮಕ್ಕಳೂ ಮೇಳಕ್ಕೆ ಬಂದಿರುತ್ತಾರಲ್ಲ. ಹೈಸ್ಕೂಲ್ ಮಕ್ಕಳಿಗೆ ಸಮಾಜಸೇವೆಯ ಗಂಟೆಗಳು ಬೇಕಿರುತ್ತವೆ, ಅವರನ್ನು ಆಟಗಳಿಗೆ ಹಾಕಿ. ಕಳೆದುಹೋದ ಮಕ್ಕಳ ಮೇಜಿನಲ್ಲಿ ಮಾತ್ರ ಯಾವಾಗಲೂ ಇಬ್ಬರು ಹಿರಿಯರೇ ಇರಬೇಕು. ಮಗುವಿನ ಕೈಪಟ್ಟಿಯ ಒಳಬದಿಯಲ್ಲಿ ಪೋಷಕರ ಫೋನ್ ನಂಬರ್ ಬರೆಯುತ್ತೇವೆ, ಹೊರಗಿನವರ ಕಣ್ಣಿಗೆ ಬೀಳದಂತೆ.

ಮಳೆಗೆ ಬದಲಿ ವ್ಯವಸ್ಥೆ ಇಲ್ಲದೆ ಕರಪತ್ರ ಅಚ್ಚು ಹಾಕಿಸಬೇಡಿ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿ ತೀರಕ್ಕೆ ಅಪ್ಪಳಿಸಿತು. ಬೀದಿಯಲ್ಲೆಲ್ಲ ಕರೆಂಟ್ ತಂತಿ, ಬಿದ್ದ ಮರ. ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಆದೇಶ ಹೊರಡಿಸಿ ಇಡೀ ರಾಜ್ಯದ ಹ್ಯಾಲೋವೀನ್ ಅನ್ನು ನವೆಂಬರ್ 5ಕ್ಕೆ ಮುಂದೂಡಿದರು. ನಾವು ಮಳೆ ಬಂದರೆ ಡಿಕ್ಕಿಗಳ ಬದಲು ಜಿಮ್‌ನ ಗೋಡೆಗುಂಟ ಮೇಜು ಹಾಕುತ್ತೇವೆ. ಆ ನಕ್ಷೆಯೂ ಮೊದಲೇ ತಯಾರಿರುತ್ತದೆ.

ಆರೂವರೆಗೆ ಜಾಗ ಗುಡಿಸಿ ಕೊಡಬೇಕು. ಕೊರೆದ ಕುಂಬಳಕಾಯಿಗಳು ಹತ್ತಿರದ ಹೊಲದವರ ಹಂದಿಗಳಿಗೆ ಹೋಗುತ್ತವೆ, ಬಣ್ಣ ಬಳಿದವನ್ನು ಮಾತ್ರ ಬೇರೆ ತೆಗೆದಿಡಬೇಕು. ಮುಂದಿನ ವಾರ ಒಂದು ಸಣ್ಣ ಸಭೆ. ಬಂದವರೆಷ್ಟು ಜನ ಎಂಬ ಲೆಕ್ಕವನ್ನು ಖಜಾಂಚಿ ಓದುತ್ತಾರೆ. ನಾವು ಜೂನ್‌ನ ಹಲಗೆಯ ಫೋಟೊ ತೆಗೆದು ಒಂದೊಂದೇ ಸಾಲು ನೋಡುತ್ತೇವೆ. ಹೋದ ಸಲ ಗೋದಾಮಿನ ಸಂಜೆ ಪಾಳಿಯವರ ಸಾಲು ಹಾಗೆಯೇ ಉಳಿದಿತ್ತು. ಶನಿವಾರವೂ ಅವರಿಗೆ ಕೆಲಸ. ಅಕ್ಕಪಕ್ಕದ ಮನೆಯವರು ಅವರ ಮಕ್ಕಳನ್ನು ಜೊತೆಯಲ್ಲಿ ಕರೆತರಲು ಒಪ್ಪಿಗೆ ಪತ್ರದ ನಮೂನೆಯೊಂದನ್ನು ಮಾಡಿದ್ದೇವೆ, ಇಂಗ್ಲಿಷ್, ಸ್ಪ್ಯಾನಿಷ್, ಗುಜರಾತಿ ಮೂರರಲ್ಲೂ. ಅದು ಮುಂದಿನ ಸೆಪ್ಟೆಂಬರ್‌ನ ಮೊದಲ ವಾರವೇ ಮಕ್ಕಳ ಚೀಲ ಸೇರಲಿದೆ.